ಬೆಟ್ಟ ಹತ್ತುವ ಗಾಡಿಗೆ ಎಂಥ ಪ್ಲಗ್ಗು?

ಮಂಡ್ಯದ ಒಂದು ಮನೆ ಎಂದಿಟ್ಟುಕೊಳ್ಳಿ. ಮದುವೆಗೆ ಮುಂಚೆ ಅಪ್ಪ ಕೊಂಡಿದ್ದ ಯೆಜ್ಡಿ ರೋಡ್‌ಕಿಂಗ್ ಬಹಳ ವರ್ಷ ಮೂಲೆ ಹಿಡಿದಿತ್ತು. ಡಿಗ್ರಿ ಓದುತ್ತಿರುವ ಮಗ ಅದನ್ನು ಒರೆಸಿ, ರಿಪೇರಿ ಮಾಡಿಸಿ, ಮನೆಯಿಂದ ಎರಡು ಮೂರು ಕಿಲೋಮೀಟರು ದೂರದ ಕಾಲೇಜಿಗೆ ದಿನವೂ ಓಡಿಸುತ್ತಿದ್ದಾನೆ. ಪರೀಕ್ಷೆ ಮುಗಿಯಿತು. ಮದ್ದೂರಿನಲ್ಲಿರುವ ಗೆಳೆಯನನ್ನು ಹತ್ತಿಸಿಕೊಂಡು, ಮಳವಳ್ಳಿ, ಕೊಳ್ಳೇಗಾಲ, ಹನೂರು ದಾಟಿ ಮಹದೇಶ್ವರ ಬೆಟ್ಟಕ್ಕೆ ಹೋಗಿಬರಬೇಕೆಂಬ ಆಸೆ ಅವನದು. ಆದರೆ ಗಾಡಿ ವಾರಕ್ಕೊಮ್ಮೆ ಮಸಿ ಕಟ್ಟಿ ನಿಲ್ಲುತ್ತದೆ. ಎಷ್ಟು ಕಿಕ್ ಹೊಡೆದರೂ ಏಳುವುದಿಲ್ಲ. ಅಂಗಡಿಯ ಮುಂದೆ ನಿಂತ ಯಾರೋ ಹಿರಿಯರು ಹೇಳುತ್ತಾರೆ: 'ಇದಕ್ಕಿಂತ ಬಿಸಿ ಪ್ಲಗ್ ಹಾಕ್ಬುಡು ಕಣಪ್ಪ, ಮಸೀನೇ ಕಟ್ಟಾಕಿಲ್ಲ.'

ಮಾತು ಅರ್ಧ ನಿಜ. ಕಾಲೇಜಿನ ಓಡಾಟಕ್ಕೆ ಆ ಪ್ಲಗ್ಗು ಒಳ್ಳೆಯದೇ ಅನ್ನಿಸಬಹುದು. ಅದೇ ಪ್ಲಗ್ಗಿನಲ್ಲಿ ಇಬ್ಬರು ಕೂತು, ಚೀಲ ಕಟ್ಟಿಕೊಂಡು, ಎರಡನೇ ಗೇರಿನಲ್ಲಿ ಬೆಟ್ಟದ ತಿರುವುಗಳನ್ನು ಹತ್ತಿದರೆ ಪಿಸ್ಟನ್ನಿನ ನೆತ್ತಿಯೇ ಕರಗಿ ತೂತಾಗಬಹುದು. ನೂರಿನ್ನೂರು ರೂಪಾಯಿ ಉಳಿಸಲು ಹೋಗಿ ಸಾವಿರಗಟ್ಟಲೆ ಕಳೆದುಕೊಳ್ಳುವುದು ಒಂದು ಕಡೆ. ತಿರುವಿನಲ್ಲಿ ಎಂಜಿನ್ನು ಹಠಾತ್ತನೆ ಹಿಡಿದುಕೊಂಡು ಹಿಂದಿನ ಚಕ್ರ ಜಾರಿದರೆ ಆಗುವ ಅನಾಹುತ ಇನ್ನೊಂದು ಕಡೆ. ಮನೆಯಲ್ಲಿ ಕಾಯುತ್ತ ಕೂತ ತಾಯಿಗೆ ಎರಡನೆಯದೇ ಮುಖ್ಯ.

'ಬಿಸಿ ಪ್ಲಗ್ಗು', 'ತಣ್ಣನೆ ಪ್ಲಗ್ಗು' ಎಂದರೇನು? ಬಿಸಿ ಪ್ಲಗ್ಗಿನ ಕಿಡಿ ಹೆಚ್ಚು ಬಿಸಿ ಎಂದು ಬಹಳ ಜನ ತಿಳಿದಿದ್ದಾರೆ. ಕಿಡಿಗೂ ಇದಕ್ಕೂ ಸಂಬಂಧವಿಲ್ಲ. ಪ್ಲಗ್ಗಿನ ತುದಿಯಲ್ಲಿ ಬಿಳಿ ಪಿಂಗಾಣಿಯ ಮೂಗು ಇರುತ್ತದೆಯಲ್ಲ, ಸಂಗತಿ ಇರುವುದು ಅಲ್ಲಿ. ಗದ್ದೆಯ ನೀರು ಬಸಿಯುವ ಕಾಲುವೆ ಗಿಡ್ಡವಾಗಿದ್ದರೆ ನೀರು ಬೇಗ ಹೋಗುತ್ತದೆ, ಉದ್ದವಾಗಿದ್ದರೆ ನಿಧಾನ. ಹಾಗೆಯೇ ಮೂಗು ಉದ್ದವಿದ್ದರೆ ಶಾಖ ಸಿಲಿಂಡರ್ ಹೆಡ್ಡಿಗೆ ಇಳಿದುಹೋಗುವ ದಾರಿ ಉದ್ದ. ತುದಿ ಬಿಸಿಯಾಗಿಯೇ ಉಳಿಯುತ್ತದೆ. ಇದು ಬಿಸಿ ಪ್ಲಗ್ಗು. ಮೂಗು ಗಿಡ್ಡವಾಗಿದ್ದರೆ ಶಾಖ ಬೇಗ ಹೊರಹೋಗುತ್ತದೆ. ಅದು ತಣ್ಣನೆ ಪ್ಲಗ್ಗು.

ತುದಿ ಸುಮಾರು 450ರಿಂದ 500 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಮೇಲೆ ಕೂತ ಮಸಿ ತಾನಾಗಿ ಸುಟ್ಟುಹೋಗುತ್ತದೆ. ಅದಕ್ಕಿಂತ ಕೆಳಗಿದ್ದರೆ ಮಸಿ ಬೆಳೆಯುತ್ತ ಹೋಗಿ, ವಿದ್ಯುತ್ತು ಕಿಡಿಯಾಗಿ ಹಾರುವ ಬದಲು ಮಸಿಯ ಮೇಲೆಯೇ ಹರಿದು ಸೋರಿಹೋಗುತ್ತದೆ. ಸುಮಾರು 850 ಡಿಗ್ರಿ ದಾಟಿದರೋ, ತುದಿಯೇ ಕೆಂಡವಾಗಿ ಕಿಡಿ ಹಾರುವ ಮೊದಲೇ ಪೆಟ್ರೋಲನ್ನು ಹೊತ್ತಿಸುತ್ತದೆ. ಪಿಸ್ಟನ್ನು ಇನ್ನೂ ಮೇಲೇರುತ್ತಿರುವಾಗಲೇ ಮೇಲಿನಿಂದ ಸುತ್ತಿಗೆ ಏಟು ಬಿದ್ದಂತೆ. ಕಾಲೇಜಿಗೆ ಹೋಗಿಬರುವ ಗಾಡಿ ಮೊದಲ ಗಡಿಯ ಕೆಳಗೆ ಒದ್ದಾಡುತ್ತದೆ. ಬೆಟ್ಟ ಹತ್ತುವ ಗಾಡಿ ಎರಡನೆಯದರ ಹತ್ತಿರ ಹೋಗುತ್ತದೆ. ಒಂದೇ ಪ್ಲಗ್ಗು ಎರಡಕ್ಕೂ ಬಾಳಬೇಕು.

ಮಂಡ್ಯದಿಂದ ಮದ್ದೂರಿನವರೆಗಿನ ದಾರಿಯೂ ಈಗ ಮೊದಲಿನಂತಿಲ್ಲ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. ಸರ್ವೀಸ್ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಮೂರನೇ ಗೇರಿನಲ್ಲಿ ತೆವಳಬೇಕಾದೀತು. ಮದ್ದೂರು ವಡೆಗೆ ಗಾಡಿ ನಿಲ್ಲಿಸುವ ಹೊತ್ತಿಗೆ ಪ್ಲಗ್ಗಿನ ಮೇಲೆ ಮಸಿ. ಹನೂರು ದಾಟಿದ ಮೇಲೆ ಅದೇ ಪ್ಲಗ್ಗಿಗೆ ಅಗ್ನಿಪರೀಕ್ಷೆ.

ಹಾಗಾದರೆ ಯಾವುದನ್ನು ಕೊಳ್ಳಬೇಕು? ಗಾಡಿಯ ಜೊತೆ ಬಂದ ಪುಸ್ತಕದಲ್ಲಿರುವ ನಂಬರನ್ನೇ ಕೊಳ್ಳಬೇಕು. ಪುಸ್ತಕ ಕಳೆದಿದ್ದರೆ ಅದೇ ಮಾದರಿ ಇಟ್ಟುಕೊಂಡ ಹಳಬರಲ್ಲಿ ಹುಡುಕಬೇಕು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಅದರ ಗಾಡಿಗಳನ್ನು ಮಕ್ಕಳಂತೆ ಸಾಕಿದವರು ಈ ಸೀಮೆಯಲ್ಲಿ ಕಡಿಮೆಯಿಲ್ಲ. ಈಗ ಹಾಕಿರುವ ಪ್ಲಗ್ಗಿನ ನಂಬರನ್ನು ಮಾತ್ರ ನೆಚ್ಚಬಾರದು. ಅದನ್ನು ಯಾರು, ಯಾವ ಗಳಿಗೆಯಲ್ಲಿ ಹಾಕಿದರೋ!

ನಂಬರು ಓದುವುದರಲ್ಲಿ ಒಂದು ದೊಡ್ಡ ಗುಂಡಿ ಇದೆ. ಜಪಾನಿನ ಎನ್‌ಜಿಕೆ ಪ್ಲಗ್ಗಿನಲ್ಲಿ ಅಂಕಿ ಹೆಚ್ಚಿದಷ್ಟೂ ತಣ್ಣಗೆ: 7ಕ್ಕಿಂತ 8 ತಣ್ಣನೆಯದು. ಬಾಷ್‌ನಲ್ಲಿ ಇದು ತಿರುಗುಮುರುಗು: 7ಕ್ಕಿಂತ 8 ಬಿಸಿ. ಇಷ್ಟೇ ಆಗಿದ್ದರೆ ನೆನಪಿಡಬಹುದಿತ್ತು. 1951ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡ ಮೈಕೋ ಕಂಪನಿಯ ಹಳೆಯ ಪ್ಲಗ್ಗುಗಳಲ್ಲಿ ಡಬ್ಲ್ಯು 175, ಡಬ್ಲ್ಯು 225 ಎಂಬ ದೊಡ್ಡ ಅಂಕಿಗಳಿದ್ದವು. ಅಲ್ಲಿ ಅಂಕಿ ದೊಡ್ಡದಾದಷ್ಟೂ ತಣ್ಣಗೆ. ಹೊಸ ಲೆಕ್ಕದಲ್ಲಿ 175 ಎಂಬುದು 7 ಆಯಿತು, 225 ಎಂಬುದು 5 ಆಯಿತು. ಒಂದೇ ಮನೆಯ ಎರಡು ತಲೆಮಾರಿನ ಲೆಕ್ಕವೇ ಒಂದಕ್ಕೊಂದು ಉಲ್ಟಾ. ಆದ್ದರಿಂದ 'ಒಂದು ನಂಬರ್ ಜಾಸ್ತಿ ಕೊಡಿ' ಎಂಬ ಮಾತಿಗೆ ಅರ್ಥವೇ ಇಲ್ಲ. ಕಂಪನಿ ಬದಲಿಸುವುದಾದರೆ ಅಂಗಡಿಯಲ್ಲಿರುವ ಹೋಲಿಕೆ ಪಟ್ಟಿಯನ್ನು ಕೇಳಿ ನೋಡಬೇಕು.

ಅಂಕಿಯ ಅಕ್ಕಪಕ್ಕದ ಅಕ್ಷರಗಳನ್ನೂ ಬಿಡುವಂತಿಲ್ಲ. ಎನ್‌ಜಿಕೆಯ ಬಿ7ಎಚ್‌ಎಸ್ ತೆಗೆದುಕೊಳ್ಳಿ. 'ಬಿ' ಎಂದರೆ ಮರೆ 14 ಮಿಲಿಮೀಟರು ದಪ್ಪ. 'ಎಚ್' ಎಂದರೆ ಮರೆಯ ಉದ್ದ 12.7 ಮಿ.ಮೀ. ಅದೇ ಜಾಗದಲ್ಲಿ 'ಇ' ಇದ್ದರೆ ಉದ್ದ 19 ಮಿ.ಮೀ. ದಪ್ಪ ಒಂದೇ ಆದ್ದರಿಂದ ಎರಡೂ ಸಲೀಸಾಗಿ ತಿರುಗಿ ಕೂರುತ್ತವೆ. ಗಿಡ್ಡ ಮರೆಯ ಹೆಡ್ಡಿಗೆ ಉದ್ದದ್ದನ್ನು ಹಾಕಿದರೆ ಮೇಲೆ ಬಂದ ಪಿಸ್ಟನ್ನು ಪ್ಲಗ್ಗಿಗೇ ಬಡಿಯಬಹುದು. 'ಆರ್' ಎಂಬ ಅಕ್ಷರ ಒಳಗೊಂದು ರೆಸಿಸ್ಟರ್ ಇದೆ ಎಂಬುದರ ಗುರುತು. ಕಂಪ್ಯೂಟರಿನಂಥ ಪೆಟ್ಟಿಗೆಯಿಂದ ನಡೆಯುವ ಇಂದಿನ ಫ್ಯೂಯೆಲ್ ಇಂಜೆಕ್ಷನ್ ಗಾಡಿಗಳಿಗೆ ಅದು ಬೇಕೇಬೇಕು. ಇಲ್ಲದಿದ್ದರೆ ಕಿಡಿಯ ಗದ್ದಲ ಆ ಪೆಟ್ಟಿಗೆಯ ತಲೆ ಕೆಡಿಸುತ್ತದೆ.

ಹುಡುಗರ ಕಣ್ಣು ಇರಿಡಿಯಂ ಪ್ಲಗ್ಗಿನ ಮೇಲೆ. ಇರಿಡಿಯಂ ಕರಗಲು 2,400 ಡಿಗ್ರಿಗೂ ಹೆಚ್ಚು ಶಾಖ ಬೇಕು. ಆದ್ದರಿಂದ ಅದರ ವಿದ್ಯುದ್ವಾರವನ್ನು ಸೂಜಿಯಂತೆ ಸಣ್ಣಗೆ ಮಾಡಬಹುದು, ಬಾಳಿಕೆಯೂ ಹೆಚ್ಚು. ಸಣ್ಣ ತುದಿಯಿಂದ ಕಿಡಿ ಕಡಿಮೆ ವೋಲ್ಟಿನಲ್ಲೇ ಹಾರುತ್ತದೆ. ಇಷ್ಟು ಸರಿ. ಆದರೆ ಸರಿಯಾಗಿಯೇ ಉರಿಯುತ್ತಿದ್ದ ಎಂಜಿನ್ನಿಗೆ ಅದು ಹೊಸ ಶಕ್ತಿ ತುಂಬುವುದಿಲ್ಲ. ಪೆಟ್ರೋಲಿನ ಜೊತೆ ಎಣ್ಣೆಯನ್ನೂ ಸುಡುವ ಯೆಜ್ಡಿಯಂಥ ಟೂ ಸ್ಟ್ರೋಕ್ ಗಾಡಿಯಲ್ಲಿ ಇರಿಡಿಯಮ್ಮಿಗೂ ಮಸಿ ಹಿಡಿಯುತ್ತದೆ. ಆ ದುಡ್ಡಿನಲ್ಲಿ ಎರಡು ಮೂರು ಸಾಧಾರಣ ಪ್ಲಗ್ಗು ಬರುತ್ತವೆ. ಅದೇ ಜಾಣತನ.

ಗಣಿತದ ವಿದ್ಯಾರ್ಥಿಗಳಿಗೆ ಒಂದು ಲೆಕ್ಕ. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಪ್ರತಿ ಸುತ್ತಿಗೂ ಒಂದು ಕಿಡಿ. ನಿಮಿಷಕ್ಕೆ 3,000 ಸುತ್ತೆಂದರೆ ಸೆಕೆಂಡಿಗೆ 50, ಗಂಟೆಗೆ 1,80,000 ಕಿಡಿ. ರೋಡ್‌ಕಿಂಗ್‌ಗೆ ಎರಡು ಸೈಲೆನ್ಸರ್ ಇದ್ದರೂ ಸಿಲಿಂಡರು ಒಂದೇ, ಪ್ಲಗ್ಗೂ ಒಂದೇ. ಪ್ರತಿ ಕಿಡಿಗೂ ಹತ್ತು ಸಾವಿರದಿಂದ ಇಪ್ಪತ್ತೈದು ಸಾವಿರ ವೋಲ್ಟಿನ ಒತ್ತಡ ಬೇಕು. ಇಂಥ ಹೆಚ್ಚಿನ ವೋಲ್ಟಿನ ಪ್ಲಗ್ಗನ್ನು ಜರ್ಮನಿಯ ಬಾಷ್ ಕಂಪನಿಯ ಗಾಟ್ಲೋಬ್ ಹೊನೊಲ್ಡ್ ರೂಪಿಸಿದ್ದು 1902ರಲ್ಲಿ. ಅದೇ 1902ರಲ್ಲೇ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. ಬೆಟ್ಟಕ್ಕೆ ಹೋಗುವ ಹುಡುಗರು ದಾರಿಯಲ್ಲಿ ಅದನ್ನೂ ನೋಡಬಹುದು.

ಮತ್ತೆ ಮಸಿಯ ಮಾತು. ಪ್ಲಗ್ಗು ರೋಗದ ಗುರುತು ತೋರಿಸುತ್ತದೆ, ರೋಗ ಬೇರೆಲ್ಲೋ ಇರುತ್ತದೆ. ಅಂದಾಜಿನಲ್ಲಿ ಎಣ್ಣೆ ಸುರಿದರೆ, ಏರ್ ಫಿಲ್ಟರ್ ಧೂಳು ತುಂಬಿದ್ದರೆ, ಚೋಕ್ ಪೂರ್ತಿ ಮುಚ್ಚದಿದ್ದರೆ ಯಾವ ಪ್ಲಗ್ಗಾದರೂ ಕಪ್ಪಾಗುತ್ತದೆ. ಮೊದಲು ಅವನ್ನು ಸರಿಪಡಿಸಿ, ಪುಸ್ತಕದ ನಂಬರಿನ ಹೊಸ ಪ್ಲಗ್ಗು ಹಾಕಿ, ಬೆಟ್ಟಕ್ಕೆ ಮುಂಚೆ ಮಳವಳ್ಳಿಯವರೆಗೆ ಒಮ್ಮೆ ಹೋಗಿಬರಲಿ. ಖಾಲಿ ರಸ್ತೆಯಲ್ಲಿ ಚೆನ್ನಾಗಿ ಓಡಿದ ಮೇಲೆ ಎಂಜಿನ್ ಆಫ್ ಮಾಡಿ, ಕ್ಲಚ್ ಹಿಡಿದು ಪಕ್ಕಕ್ಕೆ ನಿಲ್ಲಿಸಿ, ಆರಿದ ಮೇಲೆ ಪ್ಲಗ್ಗು ಬಿಚ್ಚಿ ನೋಡಬೇಕು. ನಿಧಾನವಾಗಿ ಮನೆವರೆಗೂ ಬಂದು ನೋಡಿದರೆ ಬಣ್ಣ ಸುಳ್ಳು ಹೇಳುತ್ತದೆ. ತುದಿ ಆಲೆಮನೆಯ ಹದವಾದ ಬೆಲ್ಲದ ಬಣ್ಣದಲ್ಲಿದ್ದರೆ ಎಲ್ಲ ಸರಿ. ಒದ್ದೆ ಕಪ್ಪಾದರೆ ಎಣ್ಣೆ ಹೆಚ್ಚು. ಸುಣ್ಣದಂತೆ ಬಿಳುಪಾಗಿ ಸಣ್ಣ ಬೊಕ್ಕೆ ಎದ್ದಿದ್ದರೆ ಬೆಟ್ಟದ ಮಾತೇ ಬೇಡ. ಬಂಕಿನಲ್ಲಿ ಈಗ ಸಿಗುವ ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲಿನಿಂದ ಹಳೆಯ ಕಾರ್ಬುರೇಟರಿನ ಗಾಡಿಗಳು ಸ್ವಲ್ಪ ಬಡಕಲು ಮಿಶ್ರಣದಲ್ಲಿ ಉರಿಯುತ್ತವೆ. ಈ ಬಿಳುಪಿಗೆ ಅದೂ ಕಾರಣವಿರಬಹುದು. ಮೆಕ್ಯಾನಿಕ್ ಕಾರ್ಬುರೇಟರ್ ನೋಡಲೇಬೇಕು.

ಹೊಸ ಪ್ಲಗ್ಗನ್ನು ತಣ್ಣಗಿರುವ ಎಂಜಿನ್ನಿಗೆ, ಸುತ್ತಲಿನ ಧೂಳು ಊದಿ, ಮೊದಲು ಕೈಯಿಂದಲೇ ತಿರುಗಿಸಬೇಕು. ಕೈಗೆ ಬಿಗಿಯಾದ ಮೇಲೆ ಸ್ಪ್ಯಾನರಿನಲ್ಲಿ ಅರ್ಧ ಸುತ್ತು ಸಾಕು. ಹೆಡ್ಡು ಅಲ್ಯೂಮಿನಿಯಂ, ಬಲ ತೋರಿಸಿದರೆ ಮರೆ ಹೋಗುತ್ತದೆ. ಗ್ಯಾಪು ನೋಡಿಟ್ಟ ಇನ್ನೊಂದು ಪ್ಲಗ್ಗು ಮತ್ತು ಸ್ಪ್ಯಾನರು ಬಟ್ಟೆಯಲ್ಲಿ ಸುತ್ತಿಕೊಂಡು ಗಾಡಿಯ ಪಕ್ಕದ ಪೆಟ್ಟಿಗೆಯಲ್ಲಿರಲಿ. ಹನೂರಿನಾಚೆ ರಾತ್ರಿ ಹೊತ್ತು ಅಂಗಡಿ ತೆರೆದಿರುವುದಿಲ್ಲ.