ಬಿರುಗಾಳಿ ಬಂದಾಗ ವಿಮೆ ಏಕಿಲ್ಲ?

ಅಮೆರಿಕದ ಫ್ಲಾರಿಡಾದಲ್ಲಿ ಸಾಲ ಪಡೆದು ಮನೆ ಕೊಳ್ಳುವವರು ವಿಮೆ ಮಾಡಿಸಲೇಬೇಕೆಂಬುದು ಬ್ಯಾಂಕುಗಳ ಕಟ್ಟಳೆ. ಆದರೆ ಚಂಡಮಾರುತ ಸಮೀಪಿಸಿತೆಂದರೆ ಕಂಪನಿಗಳು ಹೊಸ ಪಾಲಿಸಿ ನಿಲ್ಲಿಸುತ್ತವೆ. ವಿಮೆಯಿಲ್ಲದೆ ಸಾಲವಿಲ್ಲ, ಸಾಲವಿಲ್ಲದೆ ಮನೆಯಿಲ್ಲ. ಸಾಮಾನು ಕಟ್ಟಿಟ್ಟ ಕುಟುಂಬ ಗಾಳಿ ದಾಟುವ ತನಕ ಕಾಯಬೇಕು.

ಇದು ಅನ್ಯಾಯವೇ? ಅನೇಕರು ಕಟ್ಟಿದ ಹಣದಿಂದ ಕೆಲವರ ನಷ್ಟ ತುಂಬುವುದೇ ವಿಮೆ. ಚಂಡಮಾರುತವಾದರೋ ಊರಿಗೆ ಊರನ್ನೇ ಒಮ್ಮೆಗೇ ಬಡಿಯುತ್ತದೆ. ಗಾಳಿಯ ವೇಗ ಎರಡು ಪಟ್ಟಾದರೆ ಗೋಡೆಯ ಮೇಲಿನ ಒತ್ತಡ ನಾಲ್ಕು ಪಟ್ಟು! 1992ರ ಆಗಸ್ಟ್‌ನಲ್ಲಿ ‘ಆಂಡ್ರ್ಯೂ’ ಬೀಸಿದ ಮೇಲೆ ಅಲ್ಲಿ ಹಲವು ವಿಮಾ ಕಂಪನಿಗಳೇ ದಿವಾಳಿಯಾದವು. ಗಂಡಾಂತರ ಕಂಡ ಮೇಲೆ ಬಂದವರನ್ನೆಲ್ಲ ಸೇರಿಸಿಕೊಂಡರೆ, ಮೊದಲಿನಿಂದ ಕಂತು ಕಟ್ಟಿದವರಿಗೂ ಪರಿಹಾರ ಸಿಗುವುದು ಕಷ್ಟ.

ಅಲ್ಲಿ ಚಂಡಮಾರುತದ ಕಾಲ ಜೂನ್‌ನಿಂದ ನವೆಂಬರ್. ಕರಾರು ಆದೊಡನೆ ವಿಮೆ ಮಾಡಿಸುವುದೇ ಜಾಣತನ. ಬೆಂಕಿ ಬಿದ್ದಾಗ ಬಾವಿ ತೋಡಬಾರದು.