ಪಿನ್ ಒಂದಾದರೆ ಸಾಲದು

ಯುರೋಪಿಯನ್ ಒಕ್ಕೂಟದಲ್ಲಿ 2024ರ ಡಿಸೆಂಬರ್ 28ರಿಂದ ಹೊಸ ಮೊಬೈಲ್‌ಗಳಿಗೆ ಟೈಪ್-ಸಿ ಪೋರ್ಟ್ ಕಡ್ಡಾಯವಾಗಿದೆ. ಆ ಕಾನೂನಿನ ಬಿಸಿ ಮೊದಲೇ ತಟ್ಟಿದ್ದರಿಂದ, 2012ರಿಂದ ತನ್ನದೇ ಲೈಟ್ನಿಂಗ್ ಪಿನ್ನಿಗೆ ಅಂಟಿಕೊಂಡಿದ್ದ ಆಪಲ್ ಕೂಡ 2023ರಲ್ಲಿ ಐಫೋನ್ 15ರ ಹೊತ್ತಿಗೆ ದಾರಿಗೆ ಬಂತು. ನಮ್ಮ ಭಾರತೀಯ ಮಾನಕ ಬ್ಯೂರೊ (ಬಿಐಎಸ್) ಕೂಡ ಟೈಪ್-ಸಿಗೆ ಮಾನದಂಡ ಪ್ರಕಟಿಸಿದೆ. ಡ್ರಾಯರ್ ತುಂಬ ಬಗೆಬಗೆಯ ಚಾರ್ಜರ್ ಗುಡ್ಡೆ ಹಾಕಿಕೊಂಡವರಿಗೆ ಇದು ನೆಮ್ಮದಿಯ ಸುದ್ದಿಯೇ. ಆದರೆ ಒಂದಾಗಿದ್ದು ಹೊರಗಿನ ಆಕಾರ ಮಾತ್ರ. ಹಿಂದೆ ಹೊಂದದ ಕೇಬಲ್ ಒಳಗೇ ಹೋಗುತ್ತಿರಲಿಲ್ಲ, ಅಲ್ಲಿಗೆ ಗೊತ್ತಾಗಿಬಿಡುತ್ತಿತ್ತು. ಈಗ ಎಲ್ಲವೂ ಹೋಗುತ್ತದೆ, ಕೆಲಸ ಮಾತ್ರ ಆಗುವುದಿಲ್ಲ. ಕೇಬಲ್ ಏನೇನು ಮಾಡಬಲ್ಲದು ಎಂಬುದನ್ನು ಅದರ ಮೇಲೆಯೇ ಅಚ್ಚು ಹಾಕಿಸುವುದು ಕಡ್ಡಾಯವಾಗದೆ ಈ ಸುಧಾರಣೆ ಪೂರ್ತಿಯಾಗದು.

ಕೈಗೆ ಸಿಕ್ಕ ಕೇಬಲ್ಲಿನಿಂದ ಫೋನನ್ನು ಕಂಪ್ಯೂಟರಿಗೆ ಸಿಕ್ಕಿಸಿದಾಗ ಎಷ್ಟೋ ಸಲ ಆಗುವುದನ್ನೇ ನೋಡಿ. ಬ್ಯಾಟರಿ ಚಿಹ್ನೆ ಮಿನುಗುತ್ತದೆ, ಆದರೆ ಕಂಪ್ಯೂಟರಿಗೆ ಫೋನ್ ಬಂದ ಸುಳಿವೇ ಇಲ್ಲ. ಮೇಲಿನಿಂದ ನೋಟಿಫಿಕೇಶನ್ ಎಳೆದು ಫೈಲ್ ಟ್ರಾನ್ಸ್‌ಫರ್ ಒತ್ತೋಣವೆಂದರೆ ಆ ಸಾಲೇ ಕಾಣುವುದಿಲ್ಲ. ಕಾರಣ, ಆ ಕೇಬಲ್ಲಿನಲ್ಲಿ ಕರೆಂಟಿನ ತಂತಿಗಳಷ್ಟೇ ಇವೆ, ಡೇಟಾದ ತಂತಿಗಳನ್ನು ಹಾಕಿಯೇ ಇಲ್ಲ. ಡೇಟಾ ಸಾಗಿಸುವ ಕೇಬಲ್‌ಗಳಲ್ಲೂ ಅಜಗಜಾಂತರ. ಯುಎಸ್‌ಬಿ 2.0 ವೇಗ ಸೆಕೆಂಡಿಗೆ 480 ಮೆಗಾಬಿಟ್. 50 ಜಿಬಿಯ ಮದುವೆ ವಿಡಿಯೊ ಸಾಗಿಸಲು ಬರೀ ಲೆಕ್ಕದಲ್ಲೇ ಹದಿನಾಲ್ಕು ನಿಮಿಷ ಬೇಕು, ವಾಸ್ತವದಲ್ಲಿ ಇನ್ನೂ ಹೆಚ್ಚು. 10 ಗಿಗಾಬಿಟ್ ವೇಗದಲ್ಲಾದರೆ ಅದೇ ಲೆಕ್ಕ 40 ಸೆಕೆಂಡಿಗೆ ಇಳಿಯುತ್ತದೆ. ಐಫೋನ್ 15ರಲ್ಲಿ ಮೊದಲನೆಯದು, 15 ಪ್ರೊದಲ್ಲಿ ಎರಡನೆಯದು; ಎರಡಕ್ಕೂ ಪೋರ್ಟ್ ಒಂದೇ ಥರ. ತಮಾಷೆಯೆಂದರೆ, ಅಷ್ಟು ದುಬಾರಿ ಪ್ರೊ ಫೋನಿನ ಡಬ್ಬಿಯಲ್ಲಿ ಬಂದ ಕೇಬಲ್ಲೂ ಯುಎಸ್‌ಬಿ 2.0 ವೇಗದ್ದೇ. ಇನ್ನು ಫೋನಿನ ಪರದೆಯನ್ನು ಟಿವಿಗೋ ಮಾನಿಟರಿಗೋ ಒಯ್ಯುವ ಸೌಲಭ್ಯ ಎಷ್ಟೋ ಟೈಪ್-ಸಿ ಫೋನ್‌ಗಳಲ್ಲಿ ಇಲ್ಲವೇ ಇಲ್ಲ. ಅಡಾಪ್ಟರ್ ಕೊಂಡುತಂದ ಮೇಲಷ್ಟೇ ಅದು ತಿಳಿಯುವುದು.

ಈ ಕಾಲದಲ್ಲಿ ಕೇಬಲ್ ಯಾರಿಗೆ ಬೇಕು, ವಾಟ್ಸ್ಆ್ಯಪ್ ಇದೆ, ಗೂಗಲ್ ಡ್ರೈವ್ ಇದೆ ಎನ್ನುವವರಿದ್ದಾರೆ. ನಾಲ್ಕು ಫೋಟೊಗಳಿಗೆ ಆ ಮಾತು ಸರಿ. ಆದರೆ ವಾಟ್ಸ್ಆ್ಯಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೊ ಕುಗ್ಗಿಯೇ ತಲುಪುತ್ತದೆ, ಗೂಗಲ್ ಪುಕ್ಕಟೆ ಕೊಡುವ ಜಾಗ 15 ಜಿಬಿ. ಮೇಜಿನ ಮೇಲೆ ಗೇಣು ದೂರದಲ್ಲಿರುವ ಕಂಪ್ಯೂಟರಿಗೆ ಫೈಲ್ ತಲುಪಿಸಲು ಎಲ್ಲೋ ಇರುವ ಸರ್ವರಿಗೆ ಏರಿಸಿ ಮತ್ತೆ ಇಳಿಸುವುದು, ಎರಡು ಸಲ ಡೇಟಾ ಸುಡುವುದು, ನೆಟ್‌ವರ್ಕ್ ಕುಂಟುವ ಊರುಗಳಲ್ಲಿ ಆಗುವ ಮಾತಲ್ಲ. ಕ್ವಿಕ್ ಶೇರ್‌ನಂಥ ವೈಫೈ ದಾರಿಗಳು ನಿಜಕ್ಕೂ ಚೆನ್ನಾಗಿವೆ, ಇಂಟರ್ನೆಟ್ಟೂ ಬೇಡ. ಆದರೆ ಪರದೆ ಒಡೆದ, ವೈಫೈ ಕೈಕೊಟ್ಟ ಫೋನಿನಿಂದ ಫೋಟೊ ಉಳಿಸಿಕೊಳ್ಳಲು ರಿಪೇರಿ ಅಂಗಡಿಯವರು ಮೊದಲು ಹುಡುಕುವುದು ಡೇಟಾ ಕೇಬಲ್ಲನ್ನೇ.

ಚಾರ್ಜಿಂಗಿಗಷ್ಟೇ ಆಗುವ ಕೇಬಲ್ಲಿಗೂ ಉಪಯೋಗವಿದೆ ಎಂಬ ವಾದವನ್ನು ತಳ್ಳಿಹಾಕುವಂತಿಲ್ಲ. ಸಾರ್ವಜನಿಕ ಚಾರ್ಜಿಂಗ್ ಪಾಯಿಂಟುಗಳ ಮೂಲಕ ಮಾಹಿತಿ ಕದಿಯುವ ‘ಜ್ಯೂಸ್ ಜಾಕಿಂಗ್’ ಬಗ್ಗೆ ರಿಸರ್ವ್ ಬ್ಯಾಂಕ್ ತನ್ನ 2022ರ ಕಿರುಹೊತ್ತಿಗೆಯಲ್ಲಿ ಎಚ್ಚರಿಸಿತ್ತು. ಡೇಟಾ ತಂತಿಯಿಲ್ಲದ ಕೇಬಲ್ ಅಂಥಲ್ಲಿ ಒಳ್ಳೆಯ ರಕ್ಷಣೆ. ಹಾಗಿದ್ದರೆ ‘ಚಾರ್ಜಿಂಗ್ ಮಾತ್ರ’ ಎಂದು ಬರೆದೇ ಮಾರಲಿ, ಬೇಕಾದವರು ಕೊಳ್ಳುತ್ತಾರೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಾಗಲಿ, ತಾಲ್ಲೂಕು ಬಸ್ ಸ್ಟ್ಯಾಂಡಿನ ಮೊಬೈಲ್ ಅಂಗಡಿಯಲ್ಲಾಗಲಿ, ಸಾಲಾಗಿ ನೇತುಹಾಕಿದ ಪ್ಯಾಕೆಟ್‌ಗಳ ಮೇಲೆ ‘ಫಾಸ್ಟ್’ ಎಂಬುದು ದಪ್ಪಕ್ಷರದಲ್ಲಿರುತ್ತದೆ. ಏನು ಫಾಸ್ಟ್, ಎಷ್ಟು ಫಾಸ್ಟ್ ಎಂಬುದಿರುವುದಿಲ್ಲ.

ಅಚ್ಚು ಹಾಕಿಸಿದರೆ ಬೆಲೆ ಏರುತ್ತದೆ ಎಂಬ ತಕರಾರಿನಲ್ಲಿ ಹುರುಳಿಲ್ಲ. ಕಂಪನಿಯ ಹೆಸರು ಅಚ್ಚಾಗುವ ಪ್ಲಾಸ್ಟಿಕ್ ತಲೆಯ ಮೇಲೆ ‘60 ವ್ಯಾಟ್, 480 ಮೆಗಾಬಿಟ್’ ಎಂದು ಬರೆಯಲು ಎಷ್ಟು ಖರ್ಚು? ಯುಎಸ್‌ಬಿ ಮಾನದಂಡ ರೂಪಿಸುವ ಸಂಸ್ಥೆ 60 ಮತ್ತು 240 ವ್ಯಾಟಿನ ಚಿಹ್ನೆಗಳನ್ನು ಸಿದ್ಧಪಡಿಸಿಯೇ ಇಟ್ಟಿದೆ, ಆದರೆ ಆ ಸಂಸ್ಥೆಯ ಪ್ರಮಾಣೀಕರಣ ಪಡೆಯುವುದು ತಯಾರಕರ ಮರ್ಜಿ. ಯುರೋಪಿನ ಕಾನೂನೂ ಫೋನಿನ ಡಬ್ಬಿಯ ಮೇಲೆ ಚಾರ್ಜಿಂಗ್ ವ್ಯಾಟ್ ಬರೆಯಿಸಿತೇ ಹೊರತು ಡೇಟಾ ವೇಗವನ್ನಲ್ಲ. ಸುಳ್ಳು ಅಚ್ಚು ಹಾಕುವವರ ಕಥೆ ಏನು ಎಂಬ ಪ್ರಶ್ನೆ ಮಾತ್ರ ಗಟ್ಟಿಯಾದದ್ದು. ಅದಕ್ಕೆ ಬೇಕಾದ ವ್ಯವಸ್ಥೆ ನಮ್ಮಲ್ಲೇ ಇದೆ: ಚಾರ್ಜರ್ ಅಡಾಪ್ಟರಿನ ಮೇಲೆ ಬಿಐಎಸ್ ನೋಂದಣಿ ಸಂಖ್ಯೆ ಇರಲೇಬೇಕು, ಆ ಸಂಖ್ಯೆ ಅಸಲಿಯೇ ಎಂದು ಬಿಐಎಸ್ ಆ್ಯಪ್‌ನಲ್ಲಿ ಯಾರಾದರೂ ನೋಡಬಹುದು. ಅದನ್ನು ಕೇಬಲ್ಲಿಗೂ ಚಾಚಿದರೆ, ಸುಳ್ಳು ಬರೆದವನನ್ನು ಹಿಡಿಯಲು ಗ್ರಾಹಕರ ವೇದಿಕೆಯ ಕೈಗೆ ಒಂದು ಸಂಖ್ಯೆಯಾದರೂ ಸಿಗುತ್ತದೆ.