ಪಟ್ಟ ಯಾರಿಗೆ: ವಿಜಯನಗರದ ಉತ್ತರಾಧಿಕಾರ ಮತ್ತು ಆದವಾನಿ ಸೀಮೆ

ಪಟ್ಟ ಹಿರಿಯ ಮಗನಿಗೇ ಸಲ್ಲಬೇಕೆಂಬ ಕಟ್ಟಳೆ ವಿಜಯನಗರದಲ್ಲಿ ಎಂದೂ ಗಟ್ಟಿಯಾಗಿ ನಿಲ್ಲಲಿಲ್ಲ. ಒಂದನೆಯ ಹರಿಹರನ ತರುವಾಯ 1356ರಲ್ಲಿ ತಮ್ಮ ಬುಕ್ಕ ಆಳಿದ. 1377ರಲ್ಲಿ ಬುಕ್ಕನ ಮಗ ಇಮ್ಮಡಿ ಹರಿಹರ ಬಂದ. 1404ರಲ್ಲಿ ಅವನು ತೀರಿಕೊಂಡಾಗ ಮಕ್ಕಳೊಳಗೇ ಪೈಪೋಟಿ ಎದ್ದು, ಎರಡು ವರ್ಷದ ಮೇಲೆ ದೇವರಾಯ ಗೆದ್ದ. 1485ರಲ್ಲಿ ಸಾಳುವ ನರಸಿಂಹ ಈ ಸಂಗಮ ವಂಶದವರ ಸಿಂಹಾಸನವನ್ನೇ ವಶಪಡಿಸಿಕೊಂಡ. ಬಿರುದುಗಳು ಮಾತ್ರ ಕದಲಲಿಲ್ಲ. ಸಂಗಮರ ‘ಮೂರುರಾಯರ ಗಂಡ’, ‘ಹಿಂದೂರಾಯ ಸುರತ್ರಾಣ’ ಎಂಬವು ಮುಂದಿನ ವಂಶದವರ ಶಾಸನಗಳಲ್ಲೂ ಮುಂದುವರಿದವು. ಹುಟ್ಟಿನಿಂದ ಹಕ್ಕು ಪಡೆದವನಿಗಿಂತ ಹೊಸಬನಿಗೇ ಹಳೆಯ ಬಿರುದಿನ ಅಗತ್ಯ ಹೆಚ್ಚು.

ಕಟ್ಟಳೆ ಇಲ್ಲದ್ದರಿಂದ ಸಮರ್ಥನಿಗೆ ದಾರಿಯಾಯಿತೆಂಬ ವಾದವನ್ನು ತಳ್ಳಿಹಾಕಲಾಗದು. 1509ರಲ್ಲಿ, ಸಾಳುವರ ನಂತರದ ವಂಶದ ವೀರನರಸಿಂಹನ ಬಳಿಕ ಪಟ್ಟ ಏರಿದವನು ಅವನ ಮಲತಮ್ಮ ಕೃಷ್ಣದೇವರಾಯ. ಆದರೆ ಅದೇ ಸಡಿಲುತನದ ಬೆಲೆಯನ್ನು ಮುಂದಿನ ತಲೆಮಾರು ತೆತ್ತಿತು. 1529ರಲ್ಲಿ ಕೃಷ್ಣದೇವರಾಯ ತನ್ನ ಮಲತಮ್ಮ ಅಚ್ಯುತರಾಯನನ್ನು ಆರಿಸಿದ್ದರೂ, ಅಳಿಯ ರಾಮರಾಯ ರಾಯನ ಎಳೆಯ ಮಗನ ಪಕ್ಷ ಹಿಡಿದ. 1542ರಲ್ಲಿ ಅಚ್ಯುತನೂ ತೀರಿಕೊಂಡ ಮೇಲೆ ಅವನ ಮಗ ವೆಂಕಟನನ್ನು ಸೋದರಮಾವ ಸಲಕರಾಜು ತಿರುಮಲನೇ ಕೊಲ್ಲಿಸಿದ. ರಾಮರಾಯ ತಿರುಮಲನನ್ನು ಸೋಲಿಸಿ, ಅಚ್ಯುತನ ಅಣ್ಣನ ಮಗ ಸದಾಶಿವನಿಗೆ ಪಟ್ಟ ಕಟ್ಟಿದ. ಶಾಸನಗಳು ಸದಾಶಿವನ ಹೆಸರಿನಲ್ಲಿ ಹೊರಟವು, ಆಡಳಿತ ರಾಮರಾಯನ ಕೈಯಲ್ಲಿ ಉಳಿಯಿತು.

ಈ ಕಲಹಗಳಲ್ಲಿ ಬಿಜಾಪುರದ ಸುಲ್ತಾನ ಇಬ್ರಾಹಿಂ ಆದಿಲ್‌ಷಾಹನ ನೆರವನ್ನು ಕರೆಯಲಾಯಿತು. ಅರಮನೆಯ ಜಗಳಕ್ಕೆ ಗಡಿಯ ಕೋಟೆ ಗುರಿಯಾಗುವುದು ಇಲ್ಲಿಂದಲೇ. ಸುಲ್ತಾನನ ದಳಪತಿ ಅಸದ್ ಖಾನ್ ಆದವಾನಿ ಕೋಟೆಗೆ ಮುತ್ತಿಗೆ ಹಾಕಿದನೆಂದೂ, ರಾಮರಾಯನ ತಮ್ಮ ವೆಂಕಟಾದ್ರಿ ಬಿಡಿಸಲು ಬಂದನೆಂದೂ ಇತಿಹಾಸಕಾರ ಫಿರಿಶ್ತಾ ಬರೆದಿದ್ದಾನೆ. ನೆರೆಯ ಕೋಸಗಿಯ ಸುತ್ತಿನ ಹಳ್ಳಿಗಳ ಪಾಡು ಈ ಕೋಟೆಯೊಡನೆ ಬೆಸೆದಿತ್ತು. 1565ರ ಯುದ್ಧದಲ್ಲಿ ವಿಜಯನಗರ ಸೋತ ಮೂರು ವರ್ಷದೊಳಗೆ ಆದವಾನಿ ಬಿಜಾಪುರದ ಪಾಲಾಯಿತು.

ಅಚ್ಯುತ ತೀರಿಕೊಂಡ ದಶಕದಲ್ಲೇ ಇಂಗ್ಲೆಂಡಿನ ಎಂಟನೆಯ ಹೆನ್ರಿ ಉತ್ತರಾಧಿಕಾರದ ಸರಣಿಯನ್ನು ಪಾರ್ಲಿಮೆಂಟಿನ ಕಾನೂನಿನಲ್ಲಿ ಬರೆಸಿದ. 1553ರಲ್ಲಿ ಅದನ್ನು ಮೀರಿ ಜೇನ್ ಗ್ರೇಯನ್ನು ರಾಣಿಯೆಂದು ಸಾರಿದರೂ, ಕೆಲವೇ ದಿನಗಳಲ್ಲಿ ಕಾನೂನು ಹೆಸರಿಸಿದ್ದ ಮೇರಿಯೇ ರಾಣಿಯಾದಳು. ಅಲ್ಲೂ ರಕ್ತ ಹರಿಯಿತು, ಜೇನಳ ತಲೆ ಉರುಳಿತು. ಆದರೆ ಯಾರ ಪಕ್ಷ ನ್ಯಾಯವೆಂದು ಹೇಳಲು ಬರೆದಿಟ್ಟ ಮಾತಿತ್ತು. ವಿಜಯನಗರಕ್ಕೆ ಇಲ್ಲದೆಹೋದದ್ದು ಇದು. ಬಿರುದಿನ ವಿಷಯದಲ್ಲಿ ಮಾತ್ರ ಎರಡೂ ನಾಡುಗಳು ಒಂದೇ: ನೆಲ ಕೈಬಿಟ್ಟ ಮೇಲೂ ಆಂಗ್ಲ ದೊರೆಗಳು 1801ರವರೆಗೆ ‘ಫ್ರಾನ್ಸಿನ ದೊರೆ’ ಎನಿಸಿಕೊಂಡರು, ರಾಮರಾಯನ ಅರವೀಡು ವಂಶದ ಅರಸರು ಪೆನುಕೊಂಡೆ, ಚಂದ್ರಗಿರಿಗಳಲ್ಲಿದ್ದುಕೊಂಡೇ ವಿಜಯನಗರದ ಬಿರುದು ಹೊತ್ತರು. 1614ರಲ್ಲಿ ಅವರಲ್ಲೊಬ್ಬನಾದ ಇಮ್ಮಡಿ ವೆಂಕಟಪತಿ ತೀರಿಕೊಂಡಾಗ ಉತ್ತರಾಧಿಕಾರದ ಯುದ್ಧ ಮತ್ತೆ ಹೊತ್ತಿತು. ನಿಯೋಜಿತ ಅರಸ ಶ್ರೀರಂಗ ಮನೆಮಂದಿಯೊಡನೆ ಕೊಲೆಯಾದ.

ಮುಂದೆ ಹೈದರಾಬಾದಿನ ನಿಜಾಮರ ಕೈಸೇರಿದ ಆದವಾನಿ ಇದೇ ರೋಗವನ್ನು ಅವರ ಆಳ್ವಿಕೆಯಲ್ಲೂ ಕಂಡಿತು. 1748ರಲ್ಲಿ ನಿಜಾಮುಲ್‌ಮುಲ್ಕ್ ತೀರಿಕೊಂಡ ಮೇಲೆ ಮಕ್ಕಳ ಮತ್ತು ಮೊಮ್ಮಗನ ನಡುವೆ ಕಾದಾಟ ನಡೆಯಿತು. ಕೊನೆಗೆ ನಿಜಾಮ್ ಅಲಿ ಗೆದ್ದ. ಅವನ ಸೋದರ ಬಸಾಲತ್ ಜಂಗ್ 1782ರಲ್ಲಿ ತೀರಿಕೊಳ್ಳುವವರೆಗೆ ಆದವಾನಿಯನ್ನು ಬಹುಪಾಲು ಸ್ವತಂತ್ರನಾಗಿ ಆಳಿದ. 1786ರಲ್ಲಿ ಟಿಪ್ಪು ಕೋಟೆ ಹಿಡಿದ. 1800ರಲ್ಲಿ ನಿಜಾಮ್, ಮತ್ತೆ ತನ್ನ ವಶಕ್ಕೆ ಬಂದಿದ್ದ ಈ ಸೀಮೆಯನ್ನು ಇಂಗ್ಲಿಷ್ ಕಂಪನಿಗೆ ಬಿಟ್ಟುಕೊಟ್ಟ.